ಮಿನೆಸೋಟದ ಚಳೀಲಿ ಬ್ಯಾಡಗಿ ಸಸಿ: ಬಿಸಿ ಯಾವಾಗ ಕೊಡ್ಬೇಕು, ಯಾವಾಗ ತೆಗೀಬೇಕು

(ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಕಡೆ ನಮ್ಮ ಕನ್ನಡದವರ ಒಂದು ಚಳಿಗಾಲದ ಸೇರುವಿಕೇಲಿ ಮಾತಾಡಿದ್ದು. ಸ್ನೋ ಅಂತ ಬರೋಕಾಗದವರು ಬರೆದು ಕಳಿಸಿ ಅಂದ್ರು, ಅದಕ್ಕೆ ಟೈಪ್ ಮಾಡಿದೀನಿ. ಮಧ್ಯೆ ಮಧ್ಯೆ ಜನ ಕೇಳಿದ ಪ್ರಶ್ನೆಗಳೂ ಹಾಗೇ ಇವೆ.)

ಎಲ್ರಿಗೂ ನಮಸ್ಕಾರ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಬ್ರಲ್ಲ ಒಬ್ರು ಫೋನ್ ಮಾಡಿ "ಈಗ ಮೆಣಸಿನಕಾಯಿ ಬೀಜ ಹಾಕ್ಬಹುದಾ" ಅಂತ ಕೇಳ್ತಾರೆ, ನಾನು ಹಾಕಿ ಅಂತೀನಿ, ಬೇಡ ಅನ್ನೋಕೆ ಮನಸ್ಸು ಬರಲ್ಲ, ಆದ್ರೆ ನಿಜ ಹೇಳ್ಬೇಕಂದ್ರೆ ಮೇಯಲ್ಲಿ ಬೀಜ ಹಾಕಿದ್ರೆ ಸೆಪ್ಟೆಂಬರಲ್ಲಿ ಒಂದಿಷ್ಟು ಹಸಿಕಾಯಿ ಸಿಗತ್ತೆ ಅಷ್ಟೇ, ಕೆಂಪು ಬ್ಯಾಡಗಿ ಸಿಗಲ್ಲ. ಬಜ್ಜಿಗೆ ಹಸಿಕಾಯಿ ಸಾಕು ಅನ್ನೋರು ಈಗಲೇ ಕಾಫಿ ಕುಡಿಯೋಕೆ ಹೋಗ್ಬಹುದು. ಕೆಂಪು ಕಾಯಿ ಬೇಕು, ಒಣಗಿಸಿ ಪುಡಿ ಮಾಡ್ಬೇಕು ಅನ್ನೋರಿಗೆ ಈ ಮಾತು.

ಮೊದಲು ಕ್ಯಾಲೆಂಡರ್ ನೋಡಿ. ನಮ್ಮ ಹಾವೇರಿ, ಧಾರವಾಡ ಕಡೆ ಮಳೆ ಹಿಡಿದ್ಮೇಲೆ ಸಸಿ ನಾಟಿ ಮಾಡ್ತಾರೆ, ಡಿಸೆಂಬರ್ ಜನವರಿ ಹೊತ್ತಿಗೆ ಕಾಯಿ ಗಿಡದಲ್ಲೇ ಹಣ್ಣಾಗಿ ಒಣಗೋಕೆ ಶುರುವಾಗತ್ತೆ, ಆಮೇಲೆ ಬಿಡಿಸಿ ಕಣದಲ್ಲಿ ಹರವಿ ಬ್ಯಾಡಗಿ ಮಾರ್ಕೆಟ್‌ಗೆ ಹೋಗತ್ತೆ. ಅಲ್ಲಿ ಗಿಡಕ್ಕೆ ಯಾರೂ ಅರ್ಜೆಂಟ್ ಮಾಡಲ್ಲ. ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ಕೊನೇ ಫ್ರಾಸ್ಟ್ (ಗಿಡ ಸಾಯಿಸೋ, ಹೆಪ್ಪುಗಟ್ಟೋ ಚಳಿ) ಮೇ ಮೊದಲ ಅರ್ಧದವರೆಗೂ ಬರತ್ತೆ, ಶರತ್ಕಾಲದ ಮೊದಲ ಫ್ರಾಸ್ಟ್ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಿಗೆ ರೆಡಿ. ಮಧ್ಯೆ ಇರೋದು ಐದು ತಿಂಗಳಿಗೂ ಕಮ್ಮಿ. ಅದ್ರಲ್ಲೂ ಮೇ ತಿಂಗಳ ಮಣ್ಣು ತಣ್ಣಗಿರತ್ತೆ, ಮೆಣಸಿನ ಗಿಡಕ್ಕೆ ಅದು ಲೆಕ್ಕಕ್ಕೆ ಬರಲ್ಲ.

ಈಗ ಹಿಂದಿನಿಂದ ಎಣಿಸಿ. ಹೂವು ಕಾಯಾಗಿ ಪೂರ್ತಿ ಕೆಂಪಾಗೋಕೆ ಹತ್ತಿರ ಹತ್ತಿರ ಎರಡು ತಿಂಗಳು. ಸೆಪ್ಟೆಂಬರ್ ಮಧ್ಯಕ್ಕೆ ಕೆಂಪಾಗ್ಬೇಕು ಅಂದ್ರೆ ಜುಲೈ ಮಧ್ಯದ ಒಳಗೆ ಹೂವು ಕಚ್ಚಿ ನಿಂತಿರ್ಬೇಕು. ಜುಲೈಗೆ ಹೂವು ಬೇಕಂದ್ರೆ ಮೇ ಕೊನೇಲಿ ನೆಲಕ್ಕೆ ಹೋಗೋ ಸಸಿ ಗಟ್ಟಿಯಾಗಿ, ಎಂಟು ಹತ್ತು ಎಲೆ ಬಿಟ್ಕೊಂಡು, ಕವಲೊಡೆಯೋ ಹಂತದಲ್ಲಿರ್ಬೇಕು. ಸಾಮಾನ್ಯ ಮೆಣಸಿನಕಾಯಿಗೆ ರೈತರಿಗೆ ಸಲಹೆ ಕೊಡೋ ಇಲ್ಲಿನ ಯೂನಿವರ್ಸಿಟಿ ಎಕ್ಸ್‌ಟೆನ್ಷನ್‌ನೋರು ನಾಟಿಗೆ ಎಂಟು ವಾರ ಮುಂಚೆ ಬೀಜ ಹಾಕಿ ಅಂತಾರೆ. ಬ್ಯಾಡಗಿ ಲೇಟ್ ತಳಿ, ಅದಕ್ಕೆ ನಾನು ಹನ್ನೆರಡು ವಾರ ಅಂತೀನಿ. ಅಂದ್ರೆ ಫೆಬ್ರವರಿ ಕೊನೆ. ಹೊರಗೆ ಸ್ನೋ ತಳ್ತಾ ಇರೋ ಟೈಮಲ್ಲಿ. ಹೀಗಾಗಿ ಹೀಟರ್ ಹಾಕಿದ ಗ್ರೀನ್‌ಹೌಸು, ಅದು ಇಲ್ದಿದ್ರೆ ಬೇಸ್‌ಮೆಂಟು.

ಬೀಜದ ವಿಷಯ ಬೇಗ ಮುಗಿಸ್ತೀನಿ. ಊರಿಂದ ಬರೋವಾಗ ಸೂಟ್‌ಕೇಸಲ್ಲಿ ಪೊಟ್ಟಣ ಹಾಕ್ಕೊಂಡು ಬರೋದು ಬೇಡ, ಬೀಜ ತರೋಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ರೋಗ, ಹುಳ ಇಲ್ಲ ಅನ್ನೋ ಸರ್ಕಾರಿ ಪತ್ರ) ಬೇಕು, ಅದ್ರಲ್ಲೂ 2019ರಲ್ಲಿ ಟೊಮ್ಯಾಟೊ, ಮೆಣಸಿನಕಾಯಿ ಬೀಜದ ಮೇಲೆ ಅಮೆರಿಕದೋರು ಇನ್ನೂ ಬಿಗಿ ಮಾಡಿದ್ರು, ಬ್ರೌನ್ ರುಗೋಸ್ ಅಂತ ಒಂದು ವೈರಸ್ ಬೀಜದ ಜೊತೆ ಬರತ್ತೆ ಅಂತ. ಅದು ಸುಮ್ನೆ ಕಿರಿಕಿರಿ ಅಲ್ಲ, ಗ್ರೀನ್‌ಹೌಸ್‌ಗಳನ್ನ ಪೂರ್ತಿ ಖಾಲಿ ಮಾಡಿಸೋ ವೈರಸ್ಸು. ಇಲ್ಲೇ ಆನ್‌ಲೈನಲ್ಲಿ ಬ್ಯಾಡಗಿ ಬೀಜ ಮಾರೋರು ಇದಾರೆ. ಕೆಲವರು ಇಂಡಿಯನ್ ಸ್ಟೋರಿನ ಒಣ ಕಾಯಿ ಒಡೆದು ಬೀಜ ತೆಗೀತಾರೆ, ಹುಟ್ಟಿದ್ರೆ ಹುಟ್ಟತ್ತೆ, ಕಾಯಿ ಎಷ್ಟು ಹಳೇದು ಅನ್ನೋದರ ಮೇಲೆ. ಆದ್ರೆ ಮೆಣಸಿನ ಹೂವಲ್ಲಿ ಜೇನುಹುಳ ಓಡಾಡಿ ಬೆರಕೆ ಆಗೋದು ಚೆನ್ನಾಗೇ ಇದೆ, ತಾಯಿ ಕಾಯಿ ಡಬ್ಬಿ (ಬ್ಯಾಡಗಿಯ ಒಂದು ತಳಿ) ಆಗಿದ್ರೂ ಮಗು ಡಬ್ಬಿ ಆಗತ್ತೆ ಅಂತ ಗ್ಯಾರಂಟಿ ಇಲ್ಲ.

ಇನ್ನೊಂದು ಸಂಗತಿ, ಹೇಳದೆ ಇರೋಕಾಗಲ್ಲ. ನಮ್ಮ ರಾಣೆಬೆನ್ನೂರು ತಾಲ್ಲೂಕು ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ದೊಡ್ಡ ಹೆಸರು. ಮೆಣಸಿನಕಾಯಿ, ಕ್ಯಾಪ್ಸಿಕಂ, ಟೊಮ್ಯಾಟೊ ಹೂವಿನ ಮೊಗ್ಗು ಬಿಡಿಸಿ, ಗಂಡು ಭಾಗ ಚಿಮ್ಮಟದಲ್ಲಿ ಕಿತ್ತು, ಬೇರೆ ಗಿಡದ ಪರಾಗ ಕೈಯಲ್ಲೇ ಹಚ್ಚೋ ಕೆಲಸ, ಹೆಚ್ಚಾಗಿ ಹೆಣ್ಣುಮಕ್ಕಳೇ ಮಾಡೋದು, ಸೊಳ್ಳೆಪರದೆ ತರ ನೆಟ್ ಕಟ್ಟಿದ ಮನೆಗಳಲ್ಲಿ. ಅಲ್ಲಿನ ಬೀಜ ಹೊರದೇಶಕ್ಕೂ ಹೋಗತ್ತೆ. ನೀವು ಇಲ್ಲಿ ದುಬಾರಿ ಹೈಬ್ರಿಡ್ ಪ್ಯಾಕೆಟ್ ತಗೊಂಡು ಒಳಗೆ ಹತ್ತೇ ಬೀಜ ಇದೆಯಲ್ಲ ಅಂತ ಬೈಕೊಳ್ಳೋವಾಗ ಆ ಒಂದೊಂದು ಬೀಜದ ಹಿಂದಿನ ಬೆರಳುಗಳನ್ನ ನೆನೆಸ್ಕೊಳ್ಳಿ.

ಬೀಜದ ಮೇಲೆ ಬ್ಯಾಕ್ಟೀರಿಯಾ ಚುಕ್ಕೆ ರೋಗದ ಅನುಮಾನ ಇದ್ರೆ 125 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 52 ಸೆಲ್ಸಿಯಸ್‌ಗೆ ಕೂದಲೆಳೆ ಕಮ್ಮಿ, ಅಷ್ಟು ಬಿಸಿ ನೀರಲ್ಲಿ 30 ನಿಮಿಷ ಇಟ್ಟು ತಣ್ಣೀರಿಗೆ ಹಾಕಿ ಒಣಗಿಸ್ಬೇಕು. ಮೇಲೆ ಹೋದ್ರೆ ಬೀಜ ಬೇಯತ್ತೆ, ಕೆಳಗಾದ್ರೆ ರೋಗ ಸಾಯಲ್ಲ. ಹಳೇ ಬೀಜಕ್ಕೆ ಈ ಟ್ರೀಟ್‌ಮೆಂಟ್ ಮಾಡ್ಬೇಡಿ, ತಡ್ಕೊಳ್ಳಲ್ಲ.

ಸರಿ, ಈಗ ಬಿಸಿಗೆ ಬರೋಣ, ಇವತ್ತಿನ ಮುಖ್ಯ ವಿಷಯ ಅದೇ.

ಮೆಣಸಿನ ಬೀಜ ಮೊಳಕೆ ಬರೋದಕ್ಕೆ ಮಣ್ಣಿನ ಉಷ್ಣಾಂಶ ಬೇಕು, ಗಾಳೀದಲ್ಲ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 25 ದಿನ ತಗೊಳತ್ತೆ, 20 ಡಿಗ್ರೀಲಿ 13 ದಿನ, 25ರಿಂದ 30 ಡಿಗ್ರೀಲಿ 8 ದಿನ. 10 ಡಿಗ್ರೀಲಿ ಬರೋದೇ ಇಲ್ಲ, 40ರಲ್ಲೂ ಬರಲ್ಲ. ಈ 25 ದಿನಕ್ಕೂ 8 ದಿನಕ್ಕೂ ಇರೋ ವ್ಯತ್ಯಾಸ ಬರೀ ಕಾಯೋ ಬೇಜಾರಲ್ಲ. 25 ದಿನ ತಣ್ಣನೆ ಒದ್ದೆ ಮಣ್ಣಲ್ಲಿ ಕೂತ ಬೀಜವನ್ನ ಪಿಥಿಯಂ, ರೈಜೋಕ್ಟೋನಿಯಾ ಅನ್ನೋ ಫಂಗಸ್, ಫಂಗಸ್ ಥರದ ಜೀವಿಗಳು ಬಿಡಲ್ಲ, ಅವಕ್ಕೆ ಅಂಥ ಜಾಗವೇ ಇಷ್ಟ. "ಬೀಜ ಕೆಟ್ಟದ್ದು ಬಂದಿತ್ತು" ಅಂತ ಹೇಳೋ ಕಥೆಗಳಲ್ಲಿ ಅರ್ಧಕ್ಕರ್ಧ ಮಣ್ಣು ತಣ್ಣಗಿತ್ತು ಅನ್ನೋ ಕಥೆಗಳೇ.

ಇಲ್ಲಿ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗು ಬರ್ಲಿ ಅಂತ ಅವನ್ ಒಳಗೆ ಲೈಟ್ ಹಾಕಿ ಇಡ್ತೀರಲ್ಲ, ಮೆಣಸಿನ ಬೀಜ ಕೇಳೋದೂ ಅದೇ ಥರದ ಬೆಚ್ಚಗಿನ ಜಾಗ, ಅಷ್ಟೇ. ಯಾರೋ ಇನ್‌ಸ್ಟಂಟ್ ಪಾಟ್‌ನ ಮೊಸರಿನ ಸೆಟ್ಟಿಂಗ್‌ನಲ್ಲಿ ಇಡ್ಬಹುದಾ ಅಂತ ಕೇಳಿದ್ರು. ಬೇಡ. ಅದು 40ರ ಆಸುಪಾಸು ಹೋಗತ್ತೆ, ಮೊಸರಿಗೆ ಸರಿ, ಬೀಜಕ್ಕೆ ಜಾಸ್ತಿ.

ಟ್ರೇ ಕೆಳಗೆ ಹಾಸೋ ಕರೆಂಟಿನ ಹೀಟ್ ಮ್ಯಾಟ್ ತಗೊಳ್ಳಿ, ಜೊತೆಗೆ ಥರ್ಮೋಸ್ಟ್ಯಾಟ್ ಕಡ್ಡಾಯ. ಥರ್ಮೋಸ್ಟ್ಯಾಟ್ ಇಲ್ಲದ ಮ್ಯಾಟ್ ಸುತ್ತಲಿನ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಅಂತ ಬಿಸಿ ಮಾಡ್ತಾ ಹೋಗತ್ತೆ, ರೂಮ್ ತಣ್ಣಗಿದ್ರೆ ಮಣ್ಣೂ ತಣ್ಣಗೆ, ಬಿಸಿಲು ಬಿದ್ರೆ ಬೀಜ ಫ್ರೈ. ಥರ್ಮೋಸ್ಟ್ಯಾಟಿನ ಪ್ರೋಬನ್ನ ಮ್ಯಾಟ್ ಮೇಲೆ ಇಡ್ಬೇಡಿ, ಟ್ರೇ ಒಳಗೆ ಬೀಜ ಇರೋ ಆಳಕ್ಕೆ ಚುಚ್ಚಿ. 28 ಡಿಗ್ರಿಗೆ ಸೆಟ್ ಮಾಡಿ. ಮೇಲೆ ಪ್ಲಾಸ್ಟಿಕ್ ಮುಚ್ಚಳ, ತೇವ ಹೋಗ್ಬಾರ್ದು ಅಂತ. ಬೆಳಕು ಈ ಹಂತದಲ್ಲಿ ಬೇಕಿಲ್ಲ, ಮೊಳಕೆ ಬರೋಕೆ ಕತ್ತಲಾದ್ರೂ ನಡೆಯತ್ತೆ.

ಇಲ್ಲೀವರೆಗೂ ಎಲ್ರೂ ಸರಿಯಾಗೇ ಮಾಡ್ತಾರೆ. ಮುಂದಿನ ಎರಡು ದಿನದಲ್ಲಿ ಕೆಡೋದು.

ಮಣ್ಣಿಂದ ಬಿಳೀ ಕುಣಿಕೆ ಥರ ಕಾಂಡ ಮೇಲೆದ್ದ ತಕ್ಷಣ ಗಿಡದ ಅವಶ್ಯಕತೆ ಬದಲಾಗತ್ತೆ. ಈಗ ಅದಕ್ಕೆ ಬೇಕಾಗಿರೋದು ಬೆಳಕು, ಬಿಸಿ ಅಲ್ಲ. ಬಿಸಿ ಹಾಗೇ 28ರಲ್ಲಿ ಇಟ್ಟು ಬೆಳಕು ಕಮ್ಮಿ ಇದ್ರೆ ಎರಡೇ ದಿನದಲ್ಲಿ ಸಸಿ ಉದ್ದಕ್ಕೆ ನೂಲಿನ ಹಾಗೆ ಎದ್ದು ಬಗ್ಗತ್ತೆ, ಆಮೇಲೆ ಅದನ್ನ ಸರಿ ಮಾಡೋಕಾಗಲ್ಲ, ಟೊಮ್ಯಾಟೊ ಆದ್ರೆ ಆಳಕ್ಕೆ ಹೂತು ಬಿಡ್ಬಹುದು, ಕಾಂಡದಿಂದ ಬೇರು ಸುಲಭವಾಗಿ ಬರತ್ತೆ, ಮೆಣಸು ಅಷ್ಟು ಉದಾರಿ ಅಲ್ಲ. ಅದಕ್ಕೇ ನನ್ನ ಪ್ರಕಾರ ಹೀಟರ್ ಹಾಕೋದು ಯಾರಿಗೆ ಬೇಕಾದ್ರೂ ಬರತ್ತೆ, ಕೆಲಸ ಇರೋದು ಅದನ್ನ ಇಳಿಸೋದರಲ್ಲಿ. ಅರ್ಧ ಟ್ರೇ ಮೊಳಕೆ ಬಂದ್ರೆ ಸಾಕು, ಮುಚ್ಚಳ ತೆಗೀರಿ, ಮ್ಯಾಟ್ 21ಕ್ಕೆ ಇಳಿಸಿ, ಲೈಟ್ ಕೆಳಗೆ ಇಡಿ. ಉಳಿದ ಅರ್ಧ ಹುಟ್ಟತ್ತೋ ಇಲ್ವೋ ಅಂತ ಕಾಯ್ತಾ ಕೂತ್ರೆ ಹುಟ್ಟಿದ್ದೂ ಹಾಳು.

ಇಲ್ಲಿ ದಾವಣಗೆರೆಯಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ರು ಕೈ ಎತ್ತಿದ್ರು. "ಇಷ್ಟೆಲ್ಲ ಯಾಕಪ್ಪಾ, ನಾವು ಮಡಿ ಮಾಡಿ, ಬೀಜ ಚೆಲ್ಲಿ, ಮೇಲೆ ಹುಲ್ಲು ಮುಚ್ಚಿ ನೀರು ಹಾಕ್ತಿದ್ವಿ, ಬರ್ತಿತ್ತು." ನಾನಂದೆ, ಅಜ್ಜಿ, ಹುಲ್ಲು ಯಾವಾಗ ತೆಗೀತಿದ್ರಿ? "ಮೊಳಕೆ ಕಂಡ ದಿನಾನೇ ಸಂಜೆ ತೆಗೀತಿದ್ವಿ, ಬಿಟ್ರೆ ಬಿಳಚಿಕೊಂಡು ಮಲಗ್ತಾವೆ." ನಾನು ಇಷ್ಟು ಹೊತ್ತು ಹೇಳಿದ್ದನ್ನ ಅಜ್ಜಿ ಒಂದೇ ಮಾತಲ್ಲಿ ಮುಗಿಸಿದ್ರು. ಅಲ್ಲಿ ಸಂಜೆ ಹುಲ್ಲು ತೆಗೆದ್ರೆ ಬೆಳಗ್ಗೆ ಸೂರ್ಯ ಇರ್ತಾನೆ, ಇಲ್ಲಿ ಫೆಬ್ರವರಿ ಸೂರ್ಯ ಹತ್ತು ಹನ್ನೊಂದು ಗಂಟೆ ಮೇಲಿದ್ರೂ ಕೆಳಗೇ ಓಡಾಡ್ತಾನೆ, ಮೋಡ ಬೇರೆ. ಹಾಗಾಗಿ ಎಲ್‌ಇಡಿ ಲೈಟು. ಕಿಟಕಿ ಹತ್ರ ಇಟ್ರೆ ಸಾಕು ಅನ್ನೋರಿಗೆ ನಾನು ಒಪ್ಪಲ್ಲ, ಸಾಕಾಗಲ್ಲ. ಎಲೆ ಮಟ್ಟದಲ್ಲಿ, ಗಿಡದ ಮೇಲೆ ಬೀಳೋ ಬೆಳಕಿನ ಅಳತೆಯಾದ ಪಿಪಿಎಫ್‌ಡಿ 200 ಇರೋ ಲೈಟನ್ನ 16 ಗಂಟೆ ಉರಿಸಿದ್ರೆ ದಿನಕ್ಕೆ ಹನ್ನೊಂದೂವರೆ ಮೋಲ್ ಬೆಳಕು ಸಿಗತ್ತೆ, ಸಸಿ ಗಟ್ಟಿಯಾಗಿ ಬರೋಕೆ ಅಷ್ಟು ಸಾಕು. ಉಳಿದ 8 ಗಂಟೆ ಕತ್ತಲೆ ಕೊಡಿ.

ಈಗ ಗ್ರೀನ್‌ಹೌಸ್. ನಮ್ಮಲ್ಲಿ ಹೊಸದಾಗಿ ಕಟ್ಟಿಸಿಕೊಂಡೋರು ಮೂರ್ನಾಲ್ಕು ಮನೆಯೋರು ಇಲ್ಲೇ ಇದೀರಿ, ಎಲ್ರೂ ಕೇಳೋದು ಎಷ್ಟು ದೊಡ್ಡ ಹೀಟರ್ ತಗೋಬೇಕು ಅಂತ. ಲೆಕ್ಕ ಕಷ್ಟ ಇಲ್ಲ. 8 ಅಡಿ ಅಗಲ 12 ಅಡಿ ಉದ್ದದ ಗ್ರೀನ್‌ಹೌಸ್‌ಗೆ ಗೋಡೆ ಚಾವಣಿ ಎಲ್ಲ ಸೇರಿ 370 ಚದರಡಿ ಹೊರಮೈ ಅಂತಿಟ್ಕೊಳ್ಳಿ. ಎರಡು ಪದರದ ಪಾಲಿಥೀನ್ ಹಾಕಿ ಮಧ್ಯೆ ಗಾಳಿ ತುಂಬಿದ್ರೆ ಪ್ರತಿ ಚದರಡಿಗೆ, ಒಳಗೂ ಹೊರಗೂ ಪ್ರತಿ ಒಂದು ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸಕ್ಕೆ, ಗಂಟೆಗೆ 0.7 ಬಿಟಿಯು (ಬಿಸಿ ಅಳೆಯೋ ಮಾನ) ಸೋರಿ ಹೋಗತ್ತೆ. ಹೊರಗೆ ಸೊನ್ನೆ ಫ್ಯಾರನ್‌ಹೀಟ್, ಒಳಗೆ 65 ಬೇಕು ಅಂದ್ರೆ 370 ಗುಣಿಸು 0.7 ಗುಣಿಸು 65, ಗಂಟೆಗೆ ಹತ್ತಿರ 17,000 ಬಿಟಿಯು. ಅಂದ್ರೆ 5 ಕಿಲೋವಾಟ್. ಸಂದಿಯಿಂದ ನುಗ್ಗೋ ಗಾಳಿ ಲೆಕ್ಕ ಇದರಲ್ಲಿ ಇಲ್ಲ. ಒಂದೇ ಪದರದ ಪ್ಲಾಸ್ಟಿಕ್ ಆದ್ರೆ ಇದಕ್ಕಿಂತ ಒಂದೂವರೆ ಪಟ್ಟು ಮೇಲೆ. ಅಂಗಡೀಲಿ ಸಿಗೋ ಮಾಮೂಲಿ 1500 ವಾಟ್ ಹೀಟರ್ ಕೊಡೋದು ಬರೀ 5,100 ಬಿಟಿಯು, ಅದನ್ನ ಹಾಕಿದ್ರೆ ಹೊರಗಿಗಿಂತ ಒಳಗೆ 20 ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿ ಇರತ್ತೆ ಅಷ್ಟೇ, ಹೊರಗೆ ಸೊನ್ನೆ ಇದ್ದಾಗ ಒಳಗೆ ಐಸು.

ದುಡ್ಡಿಗೆ ತಿರುಗಿಸಿ ನೋಡಿ. 5 ಕಿಲೋವಾಟ್ 24 ಗಂಟೆ ಓಡಿದ್ರೆ 120 ಯೂನಿಟ್, ಯೂನಿಟ್‌ಗೆ 15 ಸೆಂಟ್ ಅಂತ ಹಿಡಿದ್ರೂ ದಿನಕ್ಕೆ 18 ಡಾಲರ್. ಅದೇ 100 ವಾಟ್‌ನ ಒಂದು ದೊಡ್ಡ ಹೀಟ್ ಮ್ಯಾಟ್ ಮೇಲೆ ನಾಲ್ಕು ಟ್ರೇ ಕೂರತ್ತೆ, 72 ಗುಳಿಯ ಟ್ರೇ ಆದ್ರೆ 288 ಸಸಿ, ಇಡೀ ದಿನ ಬಿಡದೆ ಓಡಿದ್ರೂ 36 ಸೆಂಟ್. 288 ಸಸಿ ಯಾರಿಗೆ ಬೇಕು ಹೇಳಿ, ಇಡೀ ಕೂಟಕ್ಕೆ ಹಂಚಿದ್ರೂ ಉಳಿಯತ್ತೆ. ಅಂದ್ರೆ ಫೆಬ್ರವರೀಲಿ ಗ್ರೀನ್‌ಹೌಸ್ ಪೂರ್ತಿ ಬಿಸಿ ಮಾಡೋದು ಮನೆಯೋರ ಲೆಕ್ಕಕ್ಕೆ ಕೂರಲ್ಲ. ಮೊಳಕೆ, ಮೊದಲ ನಾಲ್ಕು ವಾರ ಬೇಸ್‌ಮೆಂಟಲ್ಲಿ ಲೈಟ್ ಕೆಳಗೆ, ಮಾರ್ಚ್ ಕೊನೆ ಏಪ್ರಿಲ್ ಮೊದಲಿಗೆ ಗ್ರೀನ್‌ಹೌಸ್‌ಗೆ. ಆಗ ರಾತ್ರಿ ಫ್ರೀಜಿಂಗ್ ಆಸುಪಾಸು ಇರತ್ತೆ, ಹೀಟರ್ ಖರ್ಚು ಅರ್ಧಕ್ಕೆ ಇಳಿಯತ್ತೆ, ಬಿಸಿಲೂ ಜೋರಾಗಿರತ್ತೆ.

ಅಲ್ಲಿಗೆ ಹೋದ್ಮೇಲೂ ಇಡೀ ಗಾಳೀನ ಬಿಸಿ ಮಾಡೋ ಬದಲು ಬೆಂಚ್ ಬಿಸಿ ಮಾಡಿ. ಬೆಂಚ್ ಮೇಲೆ ಹೀಟಿಂಗ್ ಕೇಬಲ್ ಅಥವಾ ಮ್ಯಾಟ್, ಅದರ ಮೇಲೆ ಟ್ರೇ, ರಾತ್ರಿ ಹೊತ್ತು ಕಮಾನು ಕಂಬಿ ಬಗ್ಗಿಸಿ ಫ್ರಾಸ್ಟ್ ಬಟ್ಟೆ ಹೊದಿಸಿದ್ರೆ ಗ್ರೀನ್‌ಹೌಸ್ ಒಳಗೆ ಇನ್ನೊಂದು ಸಣ್ಣ ಮನೆ ಆಯ್ತು, ಮ್ಯಾಟಿನ ಬಿಸಿ ಅಲ್ಲೇ ಉಳಿಯತ್ತೆ. ಬೇರಿಗೆ 20 ಡಿಗ್ರಿ ಸೆಲ್ಸಿಯಸ್ ಇದ್ರೆ ಎಲೆ ಸುತ್ತ ಗಾಳಿ ರಾತ್ರಿ 15ಕ್ಕೆ ಇಳಿದ್ರೂ ಗಿಡ ತಡ್ಕೊಳತ್ತೆ. 12ರ ಕೆಳಗೆ ಮಾತ್ರ ಬೇಡ, ಮೆಣಸು ಉಷ್ಣವಲಯದ ಗಿಡ, ಮೆಕ್ಸಿಕೋ ಕಡೆಯದ್ದು, ಫ್ರೀಜ್ ಆಗಬೇಕಿಲ್ಲ, 10 ಡಿಗ್ರೀಲೇ ಚಳಿ ಏಟು ತಿಂದು ಬೆಳವಣಿಗೆ ನಿಲ್ಲಿಸಿಬಿಡತ್ತೆ. ದೊಡ್ಡ ದೊಡ್ಡ ಡ್ರಮ್ಮಲ್ಲಿ ನೀರು ತುಂಬಿಡೋದೂ ಒಳ್ಳೇದೇ, ಹಗಲು ಕಾದು ರಾತ್ರಿ ಬಿಡತ್ತೆ, ಆದ್ರೆ ಅದನ್ನೇ ನಂಬ್ಕೊಂಡು ಮಲಗ್ಬೇಡಿ.

ಪ್ರೊಪೇನ್ ಹೀಟರ್ ಬಗ್ಗೆ ಸೀರಿಯಸ್ ಆಗಿ ಒಂದು ಮಾತು. ಹೊಗೆ ಕೊಳವೆ ಇಲ್ಲದ ಪ್ರೊಪೇನ್, ಸೀಮೆಎಣ್ಣೆ ಹೀಟರ್ ಅಗ್ಗ, ಬಿಸೀನೂ ಚೆನ್ನಾಗಿ ಕೊಡತ್ತೆ, ಆದ್ರೆ ಪೂರ್ತಿ ಉರಿಯದ ಇಂಧನದಿಂದ ಎಥಿಲೀನ್ ಬರತ್ತೆ. ಬಾಳೆಹಣ್ಣು ಹಣ್ಣಾಗಿಸೋ ಅದೇ ಗ್ಯಾಸು. ಬಿಗಿಯಾಗಿ ಮುಚ್ಚಿದ ಗ್ರೀನ್‌ಹೌಸ್‌ನಲ್ಲಿ ಹತ್ತು ಮಿಲಿಯನ್‌ಗೆ ಒಂದು ಭಾಗ ಇದ್ರೂ ಸಾಕು, ಎಲೆ ಕೆಳಗೆ ಮುದುಡಿಕೊಳತ್ತೆ, ಮೊಗ್ಗು ಉದುರತ್ತೆ. ನೋಡೋರು ವೈರಸ್ ಅಂದ್ಕೋತಾರೆ, ಮುಟುರು ರೋಗ ಅಂದ್ಕೋತಾರೆ, ಔಷಧಿ ಹೊಡೀತಾರೆ, ಅಸಲಿ ಕಾರಣ ಮೂಲೇಲಿ ಕೂತು ಬಿಸಿ ಊದ್ತಾ ಇರತ್ತೆ. ಪಕ್ಕದಲ್ಲಿ ಒಂದು ಟೊಮ್ಯಾಟೊ ಗಿಡ ಇಟ್ಕೊಂಡಿರಿ, ಎಥಿಲೀನ್‌ಗೆ ಅದು ಬೇಗ ಸೋಲತ್ತೆ, ಎಲೆ ಜೋತುಬಿತ್ತು ಅಂದ್ರೆ ಹೀಟರ್ ಕಡೆ ನೋಡಿ. ಜೊತೆಗೆ ಕಾರ್ಬನ್ ಮೊನಾಕ್ಸೈಡ್, ಅದು ಗಿಡಕ್ಕಲ್ಲ, ನಿಮಗೆ. ಎಲೆಕ್ಟ್ರಿಕ್ ಹೀಟರ್ ದುಬಾರಿ ಆದ್ರೂ ನಾನು ಅದನ್ನೇ ಹೇಳೋದು.

ದೊಡ್ಡೋರು ಏನ್ ಮಾಡ್ತಾರೆ ಅಂತ ಒಬ್ರು ಕೇಳಿದ್ರು. ನೆದರ್‌ಲೆಂಡ್ಸ್‌ನ ವೆಸ್ಟ್‌ಲ್ಯಾಂಡ್, ಕೆನಡಾದ ಲೆಮಿಂಗ್ಟನ್ ಕಡೆ ಗ್ಲಾಸ್‌ಹೌಸ್‌ಗಳಲ್ಲಿ ಕ್ಯಾಪ್ಸಿಕಂ ಬೆಳೆಯೋದು ಎಕರೆಗಟ್ಟಲೆ. ಅಲ್ಲಿ ಸಸಿ ಬೆಳೆಸೋದೇ ಬೇರೆ ಕಂಪನಿಗಳ ಕಸುಬು, ಅಕ್ಟೋಬರಲ್ಲಿ ಬೀಜ ಹಾಕಿ, ಕಲ್ಲು ಕರಗಿಸಿ ಮಾಡಿದ ನಾರಿನ, ಅಂದ್ರೆ ರಾಕ್‌ವೂಲ್ ತುಂಡುಗಳಲ್ಲಿ ಬೆಳೆಸಿ, ಡಿಸೆಂಬರಲ್ಲಿ ಬೆಳೆಗಾರರಿಗೆ ಕೊಡ್ತಾರೆ. ಅವರು ಗ್ಯಾಸ್ ಉರಿಸಿ ಕರೆಂಟ್ ಮಾಡ್ತಾರೆ, ಆ ಬಿಸಿಯನ್ನ ದೊಡ್ಡ ನೀರಿನ ಟ್ಯಾಂಕಲ್ಲಿ ಕೂಡಿಟ್ಟು ರಾತ್ರಿ ಪೈಪಲ್ಲಿ ಹರಿಸ್ತಾರೆ, ಶುದ್ಧ ಮಾಡಿದ ಹೊಗೆಯ ಕಾರ್ಬನ್ ಡೈಆಕ್ಸೈಡ್‌ನೂ ಗಿಡಕ್ಕೇ ಕೊಡ್ತಾರೆ, ಒಂದೇ ಉರಿಯಲ್ಲಿ ಮೂರು ಕೆಲಸ. ಅಂಥವರಿಗೂ 2021-22ರಲ್ಲಿ ಯುರೋಪಿನ ಗ್ಯಾಸ್ ಬೆಲೆ ಏರಿದಾಗ ಕೈ ಸುಟ್ಟಿತು, ಎಷ್ಟೋ ಜನ ನಾಟಿ ಮುಂದಕ್ಕೆ ಹಾಕಿದ್ರು, ಕೆಲವರು ಆ ಚಳಿಗಾಲ ಖಾಲಿ ಬಿಟ್ರು. ಚಳೀಲಿ ಮೆಣಸಿನ ಗಿಡ ಬೆಳೆಸೋದು ಅಂದ್ರೆ ಇಂಧನದ ವ್ಯಾಪಾರ ಕಣ್ರೀ, ಗಿಡ ನೆಪ.

ಇಲ್ಲೇ ಮಿನೆಸೋಟದಲ್ಲಿ ಡೀಪ್ ವಿಂಟರ್ ಗ್ರೀನ್‌ಹೌಸ್ ಅಂತ ಇನ್ನೊಂದು ದಾರಿ ಇದೆ, ದಕ್ಷಿಣಕ್ಕೆ ಕಡಿದಾದ ಪಾರದರ್ಶಕ ಗೋಡೆ, ನೆಲದ ಕೆಳಗೆ ಕಲ್ಲುರಾಶಿ, ಹಗಲಿನ ಬಿಸಿಗಾಳಿಯನ್ನ ಫ್ಯಾನ್ ಹಾಕಿ ಕಲ್ಲಿಗೆ ತಳ್ಳಿ ರಾತ್ರಿಗೆ ಇಟ್ಕೊಳ್ಳೋದು. ಚೆನ್ನಾಗಿದೆ, ಆದ್ರೆ ಅದು ಹೆಚ್ಚಾಗಿ ಸೊಪ್ಪಿಗೆ. ಸೊಪ್ಪು ನಾಲ್ಕೈದು ಡಿಗ್ರೀಲೂ ಬದುಕತ್ತೆ, ನಮ್ಮ ಮೆಣಸಿಗೆ ಆಗಲ್ಲ.

ಗ್ರೀನ್‌ಹೌಸ್‌ನಲ್ಲಿ ಚಳಿಗಿಂತ ಬಿಸಿಲಿಗೆ ಸಸಿ ಕಳ್ಕೊಳ್ಳೋರೂ ಇದಾರೆ. ಮಾರ್ಚ್ ಮಧ್ಯಾಹ್ನ ಹೊರಗೆ ಐಸ್ ಇದ್ರೂ ಬಿಸಿಲು ಬಿದ್ರೆ ಒಳಗೆ 40 ದಾಟತ್ತೆ, ನೀವು ಆಫೀಸಲ್ಲಿ ಕೂತಿರ್ತೀರಿ. ಮೇಣದ ಸಿಲಿಂಡರ್ ಇರೋ ಆಟೋಮ್ಯಾಟಿಕ್ ವೆಂಟ್ ಓಪನರ್ ಹಾಕ್ಸಿ, ಮೇಣ ಕರಗಿ ಹಿಗ್ಗಿದಾಗ ತಾನೇ ಕಿಟಕಿ ಎತ್ತತ್ತೆ, ಕರೆಂಟ್ ಬೇಡ, ಅದಕ್ಕಿಂತ ನಿಯತ್ತಿನ ಆಳು ಸಿಗಲ್ಲ. ಜೊತೆಗೆ ಮಿನಿಮಮ್ ಮ್ಯಾಕ್ಸಿಮಮ್ ಥರ್ಮಾಮೀಟರ್, ಆಗೋದಾದ್ರೆ ಫೋನ್‌ಗೆ ಅಲಾರಂ ಕಳಿಸೋದು.

ಸಸಿ ಗಿಡ್ಡ, ಗಟ್ಟಿ ಬರೋಕೆ ಇನ್ನೊಂದು ಉಪಾಯ ಇದೆ, ಬಿಸಿಯನ್ನೇ ಬಳಸಿ. ಹಗಲು ಬಿಸಿ, ರಾತ್ರಿ ತಣ್ಣಗೆ ಇದ್ರೆ ಕಾಂಡದ ಗಿಣ್ಣು ಗಿಣ್ಣಿನ ಮಧ್ಯೆ ಉದ್ದ ಜಾಸ್ತಿ ಆಗತ್ತೆ, ಎರಡೂ ಹತ್ತಿರ ಇದ್ರೆ ಗಿಡ್ಡ ಆಗತ್ತೆ. ಇದನ್ನ 1980ರ ದಶಕದಲ್ಲಿ ಮಿಶಿಗನ್ ಸ್ಟೇಟ್ ಯೂನಿವರ್ಸಿಟೀಲಿ ರಾಯಲ್ ಹೈನ್ಸ್, ಜಾನ್ ಎರ್ವಿನ್ ಅನ್ನೋರು ಈಸ್ಟರ್ ಲಿಲಿ ಗಿಡದ ಮೇಲೆ ಕೆಲಸ ಮಾಡಿ ತೋರಿಸಿದ್ರು, ಎರ್ವಿನ್ ಆಮೇಲೆ ನಮ್ಮ ಮಿನೆಸೋಟ ಯೂನಿವರ್ಸಿಟಿಗೇ ಬಂದ್ರು. ಇದರಿಂದ ಬಂದ ಸುಲಭದ ಪದ್ಧತಿ ಏನಂದ್ರೆ, ಬೆಳಗಿನ ಜಾವ ಸೂರ್ಯ ಹುಟ್ಟೋ ಹೊತ್ತಿಂದ ಎರಡು ಗಂಟೆ ಮಾತ್ರ ನಾಲ್ಕೈದು ಡಿಗ್ರಿ ತಣ್ಣಗೆ ಮಾಡೋದು. ಗಿಡ ಉದ್ದಕ್ಕೆ ಎಳೆಯೋದು ಆ ಹೊತ್ತಲ್ಲೇ ಜಾಸ್ತಿ, ಆಗ ತಣ್ಣಗಿದ್ರೆ ಎಳೆಯಲ್ಲ. ಟೈಮರ್‌ನಲ್ಲಿ ಹೀಟರನ್ನ ಅಷ್ಟು ಹೊತ್ತು ಕೆಳಗಿಳಿಸಿ, ಕರೆಂಟೂ ಉಳೀತು. ಮೆಣಸಿಗೆ ಮಾತ್ರ 13-14ಕ್ಕಿಂತ ಕೆಳಗೆ ಹೋಗದ ಹಾಗೆ ನೋಡ್ಕೊಳ್ಳಿ.

ಮಣ್ಣು, ನೀರು, ಗೊಬ್ಬರ ಬೇಗ ಬೇಗ ಹೇಳ್ತೀನಿ. ತೋಟದ ಮಣ್ಣು ಬೇಡ, ಪೀಟ್ ಅಥವಾ ಕೋಕೋಪೀಟ್‌ಗೆ ಪರ್ಲೈಟ್ ಸೇರಿಸಿ. ಅಗ್ಗದ ಕೋಕೋಪೀಟಲ್ಲಿ ಉಪ್ಪಿರತ್ತೆ, ಚೆನ್ನಾಗಿ ತೊಳೀರಿ, ಕ್ಯಾಲ್ಸಿಯಂ ಇರೋ ಗೊಬ್ಬರ ಕೊಡಿ. ನಲ್ಲಿ ನೀರು ಚಳಿಗಾಲದಲ್ಲಿ ಐಸ್ ಥರ ಇರತ್ತೆ, ನೇರ ಹಾಕಿದ್ರೆ ಮ್ಯಾಟ್ ಮಾಡಿದ ಕೆಲಸ ಎಲ್ಲ ನೀರುಪಾಲು, ಉಗುರುಬೆಚ್ಚಗೆ ಮಾಡಿ ಹಾಕಿ, ಟ್ರೇ ಕೆಳಗಿಂದ ಹೀರೋ ಹಾಗೆ. ಮನೇಲಿ ವಾಟರ್ ಸಾಫ್ಟ್ನರ್ ಇದ್ರೆ ಆ ನೀರು ಬೇಡ, ಸೋಡಿಯಂ ಇರತ್ತೆ, ಸಾಫ್ಟ್ನರ್‌ಗಿಂತ ಮುಂಚಿನ ನಲ್ಲೀಲಿ ಹಿಡೀರಿ. ಮೊದಲು ಬರೋ ಬೀಜದೆಲೆ ಬಿಟ್ಟು ನಿಜವಾದ ಎಲೆ ಎರಡು ಬಂದ್ಮೇಲೆ ಗೊಬ್ಬರ ಶುರು, ತುಂಬಾ ತೆಳ್ಳಗೆ, ಸಾರಜನಕ 50ರಿಂದ 100 ಪಿಪಿಎಂ. ಮಣ್ಣು 15 ಡಿಗ್ರಿಗಿಂತ ತಣ್ಣಗಿದ್ದಾಗ ಯೂರಿಯಾ, ಅಮೋನಿಯಂ ಜಾಸ್ತಿ ಇರೋ ಗೊಬ್ಬರ ಕೊಟ್ರೆ ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಕೆಲಸ ಮಾಡಲ್ಲ, ಅಮೋನಿಯಂ ಕೂಡಿಕೊಂಡು ಬೇರು ಸುಡತ್ತೆ. ನೈಟ್ರೇಟ್ ರೂಪದ್ದೇ ತಗೊಳ್ಳಿ.

ಕುಂಡಕ್ಕೆ ಎತ್ತಿ ಹಾಕೋವಾಗ ಸಸಿಯನ್ನ ಎಲೆ ಹಿಡ್ಕೊಂಡು ಎತ್ತಿ, ಕಾಂಡ ಹಿಡೀಬೇಡಿ, ಎಲೆ ಇನ್ನೊಂದು ಬರತ್ತೆ, ಕಾಂಡ ಒಂದೇ ಇರೋದು. ಸಿಗರೇಟ್ ಸೇದೋರು ಸೋಪಲ್ಲಿ ಕೈ ತೊಳ್ಕೊಳ್ಳಿ, ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಕೈಯಿಂದ ಮೆಣಸಿಗೆ ಹೋಗತ್ತೆ, ಇದು ಜೋಕ್ ಅಲ್ಲ.

ರೋಗ ಹುಳದಲ್ಲಿ ಮುಖ್ಯವಾದ್ದು ಎರಡು. ಸಸಿ ಬುಡ ನೀರು ನೀರಾಗಿ ಸಣ್ಣಗಾಗಿ ಮಲಗಿದ್ರೆ ಅದು ಸಸಿ ಸಾಯೋ ರೋಗ, ಬಂದ್ಮೇಲೆ ಔಷಧಿ ಇಲ್ಲ, ಆ ಗುಳಿ ಮಣ್ಣು ಸಮೇತ ಎಸೀರಿ, ನೀರು ಕಮ್ಮಿ ಮಾಡಿ, ಸಣ್ಣ ಫ್ಯಾನ್ ಇಡಿ. ಇನ್ನೊಂದು ಸಸ್ಯಹೇನು, ಗಿಡದ ರಸ ಹೀರೋ ಹುಳ. ಚಳಿಗಾಲದ ಗ್ರೀನ್‌ಹೌಸ್ ಹೇನಿಗೆ ಸ್ವರ್ಗ, ಮಳೆ ಇಲ್ಲ, ಗಾಳಿ ಇಲ್ಲ, ತಿನ್ನೋ ಗುಲಗಂಜಿ ಹುಳ ಇಲ್ಲ, ಗಂಡಿಲ್ಲದೆ ಮರಿ ಹಾಕ್ತಾ ಹೋಗತ್ತೆ. ಎಲೆ ಹಿಂದೆ ವಾರಕ್ಕೊಮ್ಮೆ ನೋಡಿ, ಕಂಡ ದಿನ ಸೋಪಿನ ನೀರು ಹೊಡೀರಿ. ಅಫಿಡಿಯಸ್ ಅಂತ ಸಣ್ಣ ಕಣಜ ಸಿಗತ್ತೆ, ಹೇನಿನ ಹೊಟ್ಟೇಲಿ ಮೊಟ್ಟೆ ಇಡೋದು, ಕಮರ್ಷಿಯಲ್ ನರ್ಸರಿಗಳು ಅದನ್ನೇ ಬಿಡೋದು, ನಮ್ಮ ನಾಲ್ಕು ಟ್ರೇಗೆ ಅಷ್ಟು ಬೇಡ.

ಹೊರಗೆ ಕಳಿಸೋದು ಮೇ ಮಧ್ಯದಿಂದ. ಒಂದು ವಾರ ಹತ್ತು ದಿನ ಹಗಲು ಹೊರಗೆ, ರಾತ್ರಿ ಒಳಗೆ, ಮೊದಲು ನೆರಳು, ಆಮೇಲೆ ಬಿಸಿಲು. ನೇರ ಬಿಸಿಲಿಗೆ ಇಟ್ರೆ ಎಲೆ ಬೆಳ್ಳಗೆ ಸುಡತ್ತೆ. ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ, 16 ಡಿಗ್ರಿ ಆಗೋವರೆಗೂ ನಾಟಿ ಬೇಡ. ಮೇ ಎರಡನೇ ವಾರದಲ್ಲಿ ಅಂಗಡಿ ತುಂಬಾ ಸಸಿ ಇಟ್ಟಿರ್ತಾರೆ ಅಂತ ಆತುರ ಪಡ್ಬೇಡಿ. ಸೇಂಟ್ ಪಾಲ್ ಫಾರ್ಮರ್ಸ್ ಮಾರ್ಕೆಟ್‌ನಲ್ಲಿ ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ಜನಾಂಗದ ರೈತರು ಖಾರದ ಮೆಣಸಿನ ಸಸಿ ಮಾರ್ತಾರೆ, ಅವರ ಹತ್ರ ಹೋಗಿ ನಾಲ್ಕು ಮಾತಾಡಿ, ಈ ಮಣ್ಣು ಈ ಚಳೀಲಿ ಖಾರ ಬೆಳೆಯೋದು ಅವರಿಗೆ ಗೊತ್ತಿರೋಷ್ಟು ನಮಗೆ ಗೊತ್ತಿಲ್ಲ.

ಕೊನೇಲಿ ಬಂದ ಪ್ರಶ್ನೆಗಳು.

"ಸರ್, ಭೂತ್ ಜೊಲೊಕಿಯಾ ಹಾಕ್ಬೇಕು ಅಂತ ಮಗ ಹಠ ಮಾಡ್ತಾನೆ." ಹಾಕಿ, ಆದ್ರೆ ಆ ವಿಪರೀತ ಖಾರದ ತಳಿ ಮೊಳಕೆಗೇ ಎರಡರಿಂದ ನಾಲ್ಕು ವಾರ ತಗೊಳತ್ತೆ, ಜನವರೀಲೇ ಶುರು ಮಾಡಿ, 28-30 ಡಿಗ್ರಿ ಬಿಡ್ಬೇಡಿ. ಬೀಜ ಮುಟ್ಟಿದ ಕೈ ಮಗನ ಕಣ್ಣಿಗೆ ಹೋಗದ ಹಾಗೆ ನೋಡ್ಕೊಳ್ಳಿ.

"ಮೊದಲ ಹೂವು ಕೀಳ್ಬೇಕಾ?" ಕವಲೊಡೆಯೋ ಜಾಗದಲ್ಲಿ ಬರೋ ಮೊದಲ ಹೂವು ಸಸಿ ಇನ್ನೂ ಕುಂಡದಲ್ಲಿದ್ದಾಗ ಬಂದ್ರೆ ಕೀಳಿ. ಕುಂಡದಲ್ಲೇ ಕಾಯಿ ಹಿಡಿದ ಸಸಿ ನೆಲಕ್ಕೆ ಹೋದ್ಮೇಲೆ ಬೆಳೆಯಲ್ಲ, ಆ ಒಂದು ಕಾಯಿ ಸಾಕ್ತಾ ಕೂರತ್ತೆ.

"ಬ್ಯಾಡಗಿ ಇಲ್ಲಿ ಬೆಳೆದ್ರೆ ಊರಿನ ಬಣ್ಣ ಬರತ್ತಾ?" ಬ್ಯಾಡಗಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿರೋದು ಸುಮ್ನೆ ಅಲ್ಲ, ಆ ನೆಲ, ಆ ಒಣ ಬಿಸಿಲಲ್ಲಿ ಗಿಡದ ಮೇಲೇ ಒಣಗೋ ಕಾಯಿ ಅದು. ಇಲ್ಲಿ ಕೆಂಪಾಗತ್ತೆ, ಸುಕ್ಕೂ ಬರತ್ತೆ, ಆದ್ರೆ ಡೀಹೈಡ್ರೇಟರ್‌ನಲ್ಲಿ ಒಣಗಿಸ್ಬೇಕು. ಬ್ಯಾಡಗಿ ಅಂತ ಕರೆಯೋದಕ್ಕಿಂತ ಬ್ಯಾಡಗಿ ಬೀಜದ ಮೆಣಸಿನಕಾಯಿ ಅನ್ನೋದು ನ್ಯಾಯ. ಸಾರಿಗೆ ಹಾಕಿದ್ರೆ ಮನೆಯೋರು ಕಂಡು ಹಿಡಿಯೋದು ಕಷ್ಟ.

"ಪ್ರತಿ ವರ್ಷ ಇಷ್ಟು ಕಷ್ಟ ಯಾಕೆ, ಗಿಡಾನೇ ಉಳಿಸ್ಕೊಳ್ಳೋಕಾಗಲ್ವಾ?" ಆಗತ್ತೆ. ಮೆಣಸು ಫ್ರಾಸ್ಟ್ ಇಲ್ಲದ ಕಡೆ ವರ್ಷಗಟ್ಟಲೆ ಬದುಕೋ ಗಿಡ. ಸೆಪ್ಟೆಂಬರಲ್ಲಿ, ಫ್ರಾಸ್ಟ್‌ಗೆ ಮುಂಚೆ, ಒಳ್ಳೇ ಗಿಡ ಎರಡು ಅಗೆದು ಕುಂಡಕ್ಕೆ ಹಾಕಿ, ಕವಲುಗಳನ್ನ ಒಂದು ಗೇಣಿಗೆ ಕತ್ತರಿಸಿ, ಬೇಸ್‌ಮೆಂಟ್ ಕಿಟಕಿ ಹತ್ರ 13 ಡಿಗ್ರಿ ಆಸುಪಾಸಲ್ಲಿ ಇಡಿ, ನೀರು ಮಣ್ಣು ಒಣಗಿದಾಗ ಸ್ವಲ್ಪ ಸ್ವಲ್ಪ. ಗಿಡ ಬೋಳಾಗಿ ಕಾಣತ್ತೆ, ಗಾಬರಿ ಬೇಡ. ಫೆಬ್ರವರಿ ಕೊನೇಲಿ ಬಿಸಿ, ಬೆಳಕು, ಗೊಬ್ಬರ ಕೊಟ್ರೆ ಚಿಗುರತ್ತೆ, ಬೀಜದ ಸಸಿಗಿಂತ ಎಷ್ಟೋ ವಾರ ಮುಂಚೆ ಹೂವು. ಒಳಗೆ ತರೋವಾಗ ಮಾತ್ರ ಬೇರಿನ ಮಣ್ಣು ಪೂರ್ತಿ ಉದುರಿಸಿ ತೊಳೆದು, ಎಲೆ ಎಲ್ಲ ತೆಗೆದು, ಸೋಪಿನ ನೀರಲ್ಲಿ ಕಾಂಡ ಒರೆಸಿ ತನ್ನಿ, ಮತ್ತೆ ಅದನ್ನ ಹೊಸ ಸಸಿ ಟ್ರೇ ಇರೋ ರೂಮಲ್ಲಿ ಇಡ್ಬೇಡಿ, ತೋಟದ ಹೇನು ಆ ಕಾಂಡದ ಮೇಲೇ ಕೂತು ಮನೆ ಒಳಗೆ ಬಂದಿರತ್ತೆ.